ಟೂ ಸ್ಟ್ರೋಕ್ ಬೈಕಿನ ಐಡ್ಲಿಂಗ್

ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಆಫ್ ಆಗದೆ ಮೆಲ್ಲಗೆ ಓಡುತ್ತಿರುವುದಕ್ಕೆ ಐಡ್ಲಿಂಗ್ ಎನ್ನುತ್ತಾರೆ. 1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕಿನ ಕಾರ್ಬುರೇಟರಿನಲ್ಲಿ ಇದಕ್ಕಾಗಿ ಎರಡು ಸ್ಕ್ರೂ ಇರುತ್ತವೆ. ಒಂದು ಐಡ್ಲಿಂಗ್ ಸ್ಕ್ರೂ, ಇನ್ನೊಂದು ಏರ್ ಸ್ಕ್ರೂ.

ಮೊದಲು ಬೈಕನ್ನು ಸ್ವಲ್ಪ ದೂರ ಓಡಿಸಿ ಇಂಜಿನ್ ಬಿಸಿ ಮಾಡಬೇಕು. ಆಮೇಲೆ ಬಯಲಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಐಡ್ಲಿಂಗ್ ಸ್ಕ್ರೂ ತಿರುಗಿಸಿ ವೇಗ ತುಸು ಏರಿಸಬೇಕು. ನಂತರ ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ, ಕಾಲು ಸುತ್ತು ಹೊರಗೆ ತಿರುಗಿಸಿ ನೋಡಬೇಕು. ಎಲ್ಲಿ ಇಂಜಿನ್ ಚುರುಕಾಗಿ ಒಂದೇ ಸಮ ಓಡುತ್ತದೋ ಅಲ್ಲೇ ಬಿಡಬೇಕು. ಕೊನೆಗೆ ಐಡ್ಲಿಂಗ್ ಸ್ಕ್ರೂನಿಂದ ವೇಗ ಇಳಿಸಬೇಕು.

ಏರ್ ಸ್ಕ್ರೂ ಒಳಗೆ ಹೋದರೆ ಗಾಳಿ ಕಡಿಮೆ, ಹೊಗೆ ಜಾಸ್ತಿ. ಹಾಗಂತ ಹೊಗೆ ನಿಲ್ಲಿಸೋಕೆ ತುಂಬಾ ಹೊರಗೆ ಬಿಚ್ಚಬಾರದು. ಯಾಕೆ ಗೊತ್ತಾ? ಈ ಇಂಜಿನ್ನಿಗೆ ಆಯಿಲ್ ಬರೋದೇ ಪೆಟ್ರೋಲಿನ ಜೊತೆ ಬೆರೆತು. ಪೆಟ್ರೋಲ್ ಕಮ್ಮಿಯಾದರೆ ಆಯಿಲೂ ಕಮ್ಮಿ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿದ್ದರೂ ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ. ಆಗ ಆಯಿಲ್ ಸಾಲದೆ ಪಿಸ್ಟನ್ ಜಾಮ್ ಆದರೆ ಹಿಂದಿನ ಚಕ್ರವೂ ನಿಂತು ಬೈಕ್ ಜಾರಿ ಬೀಳಬಹುದು. ಅದಕ್ಕೇ ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಕೊಡಬೇಕು.

ಸ್ವಲ್ಪ ಹೊಗೆ ಬಂದರೆ ಬರಲಿ, ಸವಾರ ಉಳಿಯಲಿ!