12 ಹೆಚ್ಚೋ, 16 ಹೆಚ್ಚೋ?

ಪ್ರಶ್ನೆ: ಬೈಕ್ ಕೊಳ್ಳಲು ಒಂದು ಲಕ್ಷ ರೂಪಾಯಿ ಸಾಲ ಬೇಕು. ಫೈನಾನ್ಸಿನವರು ಶೇ. 12 'ಫ್ಲ್ಯಾಟ್' ಬಡ್ಡಿ ಎನ್ನುತ್ತಾರೆ, ಬ್ಯಾಂಕಿನವರು ಶೇ. 16 ಎನ್ನುತ್ತಾರೆ. ಅವಧಿ ಎರಡು ವರ್ಷ. ಯಾವುದು ಅಗ್ಗ?

ಉತ್ತರ: ಬ್ಯಾಂಕಿನ ಶೇ. 16, ಅದು ಉಳಿದ ಅಸಲಿನ ಮೇಲಿನ ಬಡ್ಡಿಯಾಗಿದ್ದರೆ. ಊರಿನ ಕೈಸಾಲದ ಲೆಕ್ಕ ನೆನಪಿಸಿಕೊಳ್ಳಿ. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 12. ಅಲ್ಲಿ ಅಸಲು ಪೂರ್ತಿ ನಿಮ್ಮ ಕೈಯಲ್ಲೇ ಇರುತ್ತದೆ, ಆದ್ದರಿಂದ ಆ ಲೆಕ್ಕ ಸರಿ. ಕಂತಿನ ಸಾಲದಲ್ಲಿ ಹಾಗಲ್ಲ. ಪ್ರತಿ ತಿಂಗಳೂ ಅಸಲಿನ ಒಂದು ಭಾಗ ವಾಪಸ್ ಹೋಗುತ್ತಿರುತ್ತದೆ. ಆದರೂ ಫ್ಲ್ಯಾಟ್ ಪದ್ಧತಿಯಲ್ಲಿ ಕೊನೆಯ ಕಂತಿನವರೆಗೂ ಇಡೀ ಲಕ್ಷದ ಮೇಲೆ ಬಡ್ಡಿ! ತೀರಿಸಿಬಿಟ್ಟ ಹಣಕ್ಕೂ ಬಡ್ಡಿ ಕಟ್ಟಿಸಿಕೊಳ್ಳುವುದು ನನ್ನ ಮಟ್ಟಿಗೆ ನ್ಯಾಯವಲ್ಲ.

ಫ್ಲ್ಯಾಟ್ ಲೆಕ್ಕದಲ್ಲಿ ನೀವು ಕಟ್ಟುವ ಬಡ್ಡಿ 24,000 ರೂಪಾಯಿ, ಕಂತು ಸುಮಾರು 5,167. ಬ್ಯಾಂಕಿನಲ್ಲಿ ಬಡ್ಡಿ ಸುಮಾರು 17,500, ಕಂತು 4,900ರ ಆಸುಪಾಸು. ಉಳಿದ ಅಸಲಿನ ಲೆಕ್ಕಕ್ಕೆ ತಂದರೆ ಆ 'ಶೇ. 12' ನಿಜವಾಗಿ ಶೇ. 21.5ರಷ್ಟಾಗುತ್ತದೆ.

ಸಂಸ್ಕರಣಾ ಶುಲ್ಕ, ವಿಮೆ ಇವು ಬೇರೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಇಂಥ ಸಾಲಗಳಿಗೆ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ವಿಧಿಸಿದೆ. ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ. ಎರಡೂ ಕಡೆಯಿಂದ ಆ ಹಾಳೆ ಕೇಳಿ ಪಡೆದು, ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಸಹಿ ಹಾಕಿ.