ನಗಿಸುವವನೆಂದೇ ಕರೆದರು, ಅಳಿಸಿಯೂ ತೋರಿಸಿದರು

ಮುಖ ನೋಡಿದರೆ ಥಟ್ಟನೆ ಗುರುತು ಸಿಗುತ್ತದೆ. ಹೆಸರು ಕೇಳಿದರೆ ಮಾತ್ರ ‘ಅದ್ಯಾರು?’ ಅನ್ನುತ್ತೇವೆ. ಕನ್ನಡ ಸಿನಿಮಾದಲ್ಲಿ ಕುಡುಕನೋ ಭಿಕ್ಷುಕನೋ ಬೇಕಾದಾಗ ಎರಡು ನಿಮಿಷ ಬಂದು ನಗಿಸಿ ಹೋಗುವ ಆ ಸಣಕಲು ಮನುಷ್ಯ ವೈಜನಾಥ ಬಿರಾದಾರ, ಬೀದರ್ ಜಿಲ್ಲೆಯವರು.

ಬಸವಕಲ್ಯಾಣ, ಹುಮನಾಬಾದ್ ಕಡೆಯ ಮಾತು ನಮ್ಮ ಕಿವಿಗೆ ಬೇರೆಯೇ. 1948ರವರೆಗೆ ನಿಜಾಮರ ಆಳ್ವಿಕೆ, ಪಕ್ಕದಲ್ಲೇ ಮಹಾರಾಷ್ಟ್ರ; ಅಲ್ಲಿಯ ಕನ್ನಡದಲ್ಲಿ ದಖನಿ ಉರ್ದು, ಮರಾಠಿ ಧಾರಾಳ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ನಮಗೆ ಈ ಬೆರಕೆ ಹೊಸತೇನಲ್ಲ. ಆದರೆ ಸಿನಿಮಾದವರಿಗೆ ಆ ಭಾಷೆ ಬೇಕಾದದ್ದು ಹೆಚ್ಚಾಗಿ ತಮಾಷೆಗೆ. ಮಂಗಳೂರು ಕನ್ನಡದ ಪಾಡೂ ಅದೇ ತಾನೇ!

ನಾಟಕದಲ್ಲಿ ಬಣ್ಣ ಹಚ್ಚುತ್ತಿದ್ದ ಬಿರಾದಾರರು ಸಿನಿಮಾಕ್ಕೆ ಬಂದದ್ದು ಎಂ.ಎಸ್. ಸತ್ಯು ಅವರ ‘ಬರ’ದಿಂದ (1982). ಆಮೇಲೆ ವರ್ಷಗಟ್ಟಲೆ ಸಣ್ಣಪುಟ್ಟ ಪಾತ್ರಗಳೇ.

ಗಿರೀಶ ಕಾಸರವಳ್ಳಿಯವರು ಮಾತ್ರ ಆ ಮುಖದಲ್ಲಿ ಬೇರೇನೋ ಕಂಡರು. ಅಮರೇಶ ನುಗಡೋಣಿಯವರ ‘ಸವಾರಿ’ ಕಥೆಯನ್ನು ‘ಕನಸೆಂಬೋ ಕುದುರೆಯನೇರಿ’ ಮಾಡಿದಾಗ ಗುಂಡಿ ತೋಡುವ ಈರ್ಯಾನ ಪಾತ್ರ ಬಿರಾದಾರರಿಗೆ ಕೊಟ್ಟರು. ಹೆಂಡತಿ ರುದ್ರಿಯಾಗಿ ಉಮಾಶ್ರೀ. ‘ಗುಲಾಬಿ ಟಾಕೀಸ್’ನಲ್ಲಿ ನಮ್ಮ ಕರಾವಳಿಯ ಮುಸ್ಲಿಂ ಸೂಲಗಿತ್ತಿಯಾಗಿದ್ದವರು ಅವರೇ. ಈರ್ಯಾನ ಕನಸಿನಲ್ಲಿ ಸಿದ್ಧ ಬಂದರೆ ಊರಲ್ಲೊಂದು ಸಾವು ಖಂಡಿತ. ಒಮ್ಮೆ ಕನಸು ಬೀಳುತ್ತದೆ, ಆದರೆ ಯಾರೂ ಸತ್ತಿಲ್ಲ ಅನ್ನುತ್ತಾರೆ. ನಿಜವಾಗಿ ಗೌಡರ ಸಾವನ್ನು ಮನೆಯವರೇ ಮುಚ್ಚಿಟ್ಟಿರುತ್ತಾರೆ. ಕನಸು ಸುಳ್ಳಾಯಿತೆಂದು ಕುಸಿದುಹೋಗುವ ಆ ಬಡವನನ್ನು ಬಿರಾದಾರರು ಒಂದಿಷ್ಟೂ ಅಬ್ಬರವಿಲ್ಲದೆ ಆಡಿದ್ದಾರೆ. ಅಲ್ಲೂ ಅದೇ ಉತ್ತರ ಕರ್ನಾಟಕದ ಮಾತು, ಆದರೆ ಯಾರೂ ನಗುವುದಿಲ್ಲ. ನಮ್ಮಲ್ಲೂ ಕಬರ್ ತೋಡುವವರನ್ನು ಮಯ್ಯತ್ತಿನ ದಿನ ಬಿಟ್ಟರೆ ಯಾರು ನೆನೆಯುತ್ತಾರೆ ಹೇಳಿ?

ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. 2011ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಬಿರಾದಾರರೇ ಅತ್ಯುತ್ತಮ ನಟ. ಅದೇ ವರ್ಷದ ‘ಬ್ಯಾರಿ’ಗೆ ಸ್ವರ್ಣಕಮಲ ಬಂದಾಗ ನಾವು ಪಟ್ಟ ಖುಷಿ ನೆನಪಿದೆಯಲ್ಲ, ಬೀದರಿನವರ ಖುಷಿಯೂ ಅಂಥದ್ದೇ ಇದ್ದೀತು.

ಇಷ್ಟಾದರೂ ಇಂಥ ಪಾತ್ರಗಳೇನೂ ಅವರ ಮನೆಬಾಗಿಲಿಗೆ ಸಾಲುಗಟ್ಟಿ ಬರಲಿಲ್ಲ. ಮತ್ತೆ ಹಳೆಯ ಕುಡುಕ, ಹಳೆಯ ಭಿಕ್ಷುಕ. 2023ರಲ್ಲಿ ‘90 ಬಿಡಿ ಮನೀಗ್ ನಡಿ’ ಬಂತು, ಬಿರಾದಾರರ ಐನೂರನೇ ಚಿತ್ರ ಎಂಬ ಪ್ರಚಾರದೊಂದಿಗೆ. ಅದರಲ್ಲಿ ಅವರೇ ಹೀರೋ.