ತಲೆ ಮೇಲೆ ಬಾಂಡ್ಲಿ, ಮೈಯೊಳಗೆ ಕಾವು

ಕಟ್ಟಡ ಕೆಲಸದವರ ಮೈಮೇಲೆ ಎರಡು ಹೊರೆ ಒಟ್ಟಿಗೇ ಬೀಳುತ್ತವೆ. ಸಾಮಾನಿನ ಭಾರ ಎಲ್ಲರಿಗೂ ಕಾಣುತ್ತದೆ. ಕಾವಿನ ಭಾರ ಕಾಣುವುದಿಲ್ಲ. ಚೆನ್ನೈಯಂಥ ಕಡಲತೀರದ ಊರಿನಲ್ಲಿ ಎರಡನೆಯದೇ ಹೆಚ್ಚು ಮೋಸದ್ದು.

ಮೊದಲು ಭಾರದ ಲೆಕ್ಕ. ಸಿಮೆಂಟ್ ಮೂಟೆ 50 ಕೆ.ಜಿ. ಭಾರತದ ಕಟ್ಟಡ ಕಾರ್ಮಿಕರ 1998ರ ಕೇಂದ್ರ ನಿಯಮಗಳ ಪ್ರಕಾರ ಗಂಡಾಳು 55, ಹೆಣ್ಣಾಳು 30 ಕೆ.ಜಿ.ವರೆಗೆ ಹೊರಬಹುದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲ ಅನುಕೂಲವಿದ್ದಾಗಲೂ ಎತ್ತಬಹುದಾದ ತೂಕ 23 ಕೆ.ಜಿ. ಬಗ್ಗಿ, ತಿರುಗಿ, ದೂರದಿಂದ ಎತ್ತಿದರೆ ಅದೂ ಇಳಿಯುತ್ತದೆ. ಸೊಂಟನೋವು ಈ ಕಸುಬಿನ ಹಳೆಯ ನೆಂಟನಾಗಿರುವುದು ಇದಕ್ಕೇ. ಹಸಿ ಸಿಮೆಂಟಿನ ಕ್ಷಾರದಿಂದ ಕೈ ಸುಡುವುದು, ಅದರಲ್ಲಿನ ಕ್ರೋಮಿಯಂನಿಂದ ಇಸುಬು ಏಳುವುದು, ಗ್ರಾನೈಟ್ ಕೊಯ್ಯುವಾಗ ಹಾರುವ ಸಿಲಿಕಾ ಧೂಳು ಶ್ವಾಸಕೋಶ ಸೇರುವುದು ಇವೆಲ್ಲ ಬೇರೆ.

ಕಾವಿನ ಕಥೆ ಸ್ನಾಯುವಿನಿಂದ ಶುರುವಾಗುತ್ತದೆ. ಸ್ನಾಯು ಬಳಸುವ ಶಕ್ತಿಯಲ್ಲಿ ಕೆಲಸಕ್ಕೆ ದಕ್ಕುವುದು ಹೆಚ್ಚೆಂದರೆ ಕಾಲುಭಾಗ; ಮಿಕ್ಕದ್ದು ಮೈಯೊಳಗೇ ಶಾಖವಾಗುತ್ತದೆ. ಅದನ್ನು ಹೊರಹಾಕಲು ಬೆವರು ಆರಬೇಕು. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗುತ್ತದೆ. ಆದರೆ ಮಳೆಗಾಲದಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆಯಂತೆ, ತೇವದ ಗಾಳಿಯಲ್ಲಿ ಬೆವರೂ ಆರುವುದಿಲ್ಲ. ಸುಮ್ಮನೆ ತೊಟ್ಟಿಕ್ಕುತ್ತದೆ, ನೀರು ಮಾತ್ರ ನಷ್ಟ. ರಕ್ತಕ್ಕಾಗಿ ಚರ್ಮಕ್ಕೂ ಸ್ನಾಯುವಿಗೂ ಪೈಪೋಟಿ ಹತ್ತಿ ಗುಂಡಿಗೆ ಓಡತೊಡಗುತ್ತದೆ. ಒಳಗಿನ ತಾಪ 40 ಡಿಗ್ರಿ ದಾಟಿದರೆ ಪ್ರಾಣಾಪಾಯ.

ಹಾಗಾಗಿ ಥರ್ಮಾಮೀಟರ್ ಒಂದರಿಂದಲೇ ಅಪಾಯ ತಿಳಿಯುವುದಿಲ್ಲ. ಈ ಅಪಾಯವನ್ನು ಗಂಭೀರವಾಗಿ ಎಣಿಸಿದವರಲ್ಲಿ ಸೈನ್ಯವೂ ಒಂದು. ಅಮೆರಿಕದ ಪ್ಯಾರಿಸ್ ಐಲ್ಯಾಂಡ್ ಮರೀನ್ ತರಬೇತಿ ಶಿಬಿರದಲ್ಲಿ ಬಿಸಿಲಿಗೆ ಕುಸಿದು ಬೀಳುವ ಹುಡುಗರ ಸಂಖ್ಯೆ ಹೆಚ್ಚಿದಾಗ, ಯಾಗ್ಲೂ ಮತ್ತು ಮಿನಾರ್ಡ್ ಎಂಬ ವಿಜ್ಞಾನಿಗಳು ಡಬ್ಲ್ಯೂಬಿಜಿಟಿ ಎಂಬ ಸೂಚ್ಯಂಕ ರೂಪಿಸಿ 1957ರಲ್ಲಿ ಪ್ರಕಟಿಸಿದರು. ಒದ್ದೆ ಬಟ್ಟೆ ಸುತ್ತಿದ ತಾಪಮಾಪಕದ ಅಂಕಿಗೆ ಅದರಲ್ಲಿ 70% ಪಾಲು. ಬಿಸಿಲು ಹೀರುವ ಕಪ್ಪು ಗೋಲದ್ದಕ್ಕೆ 20%. ನಾವು ಸುದ್ದಿಯಲ್ಲಿ ಕೇಳುವ ಸಾಮಾನ್ಯ ತಾಪಕ್ಕೆ ಬರೀ 10%. ತೇವಕ್ಕೆ ಸಿಕ್ಕ ಈ ಸಿಂಹಪಾಲೇ ಸೂತ್ರದ ಜಾಣತನ.

ಮೇ ತಿಂಗಳ ಒಂದು ಮಧ್ಯಾಹ್ನ ತಾಪ 36, ಒದ್ದೆ ಬಟ್ಟೆಯದು 28, ಕಪ್ಪು ಗೋಲದ್ದು 48 ಎಂದು ಇಟ್ಟುಕೊಳ್ಳೋಣ. ಸೂಚ್ಯಂಕ 32.8 ಆಗುತ್ತದೆ. ಬಿರುಸಿನ ಕೆಲಸಕ್ಕೆ ತಮಿಳುನಾಡಿನ ಅಧ್ಯಯನಗಳು ಬಳಸಿರುವ ಮಿತಿ 27.5. ಪೂರ್ತಿ ನೆರಳು ಕಟ್ಟಿದರೂ ಸೂಚ್ಯಂಕ 30.4ಕ್ಕೆ ಇಳಿದು ನಿಲ್ಲುತ್ತದೆ. ಅಂದರೆ ಶಾಮಿಯಾನ ಹಾಕಿದರೆ ಸಾಲದು, ಕೆಲಸದ ಬಿರುಸೇ ತಗ್ಗಬೇಕು.

ತಾರಸಿ ಹಾಕುವ ದಿನ ಬಿರುಸು ತಗ್ಗಿಸುವುದು ಎಲ್ಲಕ್ಕಿಂತ ಕಷ್ಟ. ಏಳು ಲೀಟರ್ ಕಾಂಕ್ರೀಟ್ ಹಿಡಿಸುವ ಬಾಂಡ್ಲಿ ಸುಮಾರು 17 ಕೆ.ಜಿ. ತೂಗುತ್ತದೆ. ಚೆನ್ನೈಯಲ್ಲಿ ಚಿತ್ತಾಳ್ ಎನ್ನುವ ಸಹಾಯಕರು ತಲೆಗೆ ಸಿಂಬಿ ಇಟ್ಟು ಅದನ್ನು ಹೊತ್ತು ತರುತ್ತಾರೆ, ಸಾರುವೆ ಏಣಿಯ ಮೇಲೆ ಸಾಲುಗಟ್ಟಿ ಕೈಯಿಂದ ಕೈಗೆ ದಾಟಿಸುತ್ತಾರೆ. ನಡುವೆ ನಿಲ್ಲಿಸಿದರೆ ಹಾಕಿದ ಕಾಂಕ್ರೀಟ್ ಗಟ್ಟಿಯಾಗಿ ಹೊಸದರೊಂದಿಗೆ ಬೆಸೆಯುವುದಿಲ್ಲ, ಸಂದಿ ಉಳಿಯುತ್ತದೆ. ಹಾಗಾಗಿ ವಿರಾಮವನ್ನು ಕಾಂಕ್ರೀಟೇ ನಿರ್ಧರಿಸುತ್ತದೆ. ಬೆಳಗಿನ ಜಾವ ಶುರುಮಾಡುವುದು, ಪಂಪ್ ತರಿಸುವುದು, ಎರಡು ತಂಡ ಕಟ್ಟುವುದು, ಇವಿಷ್ಟೇ ದಾರಿ. ಉತ್ತರದ ರಾಜ್ಯಗಳಿಂದ ಹೊಸದಾಗಿ ಬಂದವರ ಮೈ ಈ ಸೆಕೆಗೆ ಒಗ್ಗಲು ಒಂದೆರಡು ವಾರ ಬೇಕು. ಅಷ್ಟು ದಿನ ಅವರಿಗೆ ಹಗುರ ಕೆಲಸವೇ ಸರಿ.

ಹೆಂಗಸರಿಗೆ ಇನ್ನೊಂದು ತೊಡಕು: ಶೌಚಾಲಯ ಇಲ್ಲದ ಕಡೆ ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರದ ಸೋಂಕು, ಮೂತ್ರಪಿಂಡದ ತೊಂದರೆ ಹಿಂದೆಯೇ ಬರುತ್ತವೆ. ಕಾವು ಗರ್ಭಕ್ಕೂ ತಟ್ಟುತ್ತದೆ. ಚೆನ್ನೈನ ಪೋರೂರಿನ ಶ್ರೀ ರಾಮಚಂದ್ರ ಸಂಸ್ಥೆಯ ವಿದ್ಯಾ ವೇಣುಗೋಪಾಲ್ ಮತ್ತು ಸಂಗಡಿಗರು ತಮಿಳುನಾಡಿನಲ್ಲಿ ದುಡಿಯುವ 800 ಗರ್ಭಿಣಿಯರನ್ನು ಗಮನಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಿತಿ ಮೀರಿದ ಕಾವಿನಲ್ಲಿ ದುಡಿದವರಲ್ಲಿ ಗರ್ಭಪಾತ 5%, ಉಳಿದವರಲ್ಲಿ 2%.

ತಮಿಳುನಾಡು ಸರ್ಕಾರ 2024ರ ಅಕ್ಟೋಬರಿನಲ್ಲಿ ಉಷ್ಣ ಅಲೆಯನ್ನು ರಾಜ್ಯದ ವಿಪತ್ತೆಂದು ಘೋಷಿಸಿತು. ಸಾವಿಗೆ ಪರಿಹಾರ ಸಿಗಲು ದಾರಿಯಾಯಿತು. ಆದರೆ ಹವಾಮಾನ ಇಲಾಖೆಯ ವ್ಯಾಖ್ಯೆಯಲ್ಲಿ ಕರಾವಳಿಯ ಉಷ್ಣ ಅಲೆಗೆ ತಾಪ ಕನಿಷ್ಠ 37 ಡಿಗ್ರಿ ಮುಟ್ಟಿರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ತೇವಕ್ಕೆ ಅದರಲ್ಲಿ ಜಾಗವಿಲ್ಲ. ಮೇಲಿನ 36 ಡಿಗ್ರಿಯ ಮಧ್ಯಾಹ್ನ ಆ ಲೆಕ್ಕದಲ್ಲಿ ಮಾಮೂಲಿ ದಿನ.